ನಾವ್ಯಾಕೆ ಮೆಟ್ಟಿಲು ಹತ್ತಬೇಕು? ಬೆಂಗಳೂರಿನ ಬಳ್ಳಾರಿ ರಸ್ತೆಯಿಂದ ಬಾದನಹಟ್ಟಿಯವರೆಗೆ ಒಂದು ಸ್ಕೈವಾಕ್ ತಕರಾರು

ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯ ಹೆಸರಿನ ಒಂದು ರಸ್ತೆ ಇದೆ. ಸದಾಶಿವನಗರ, ಮೇಖ್ರಿ ಸರ್ಕಲ್, ಹೆಬ್ಬಾಳ, ಬ್ಯಾಟರಾಯನಪುರ, ಯಲಹಂಕ ದಾಟಿಕೊಂಡು ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆ ಓಡುವ ಬಳ್ಳಾರಿ ರಸ್ತೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅದು ಎಲ್ಲರ ಬಾಯಲ್ಲೂ 'ಏರ್‌ಪೋರ್ಟ್ ರೋಡ್' ಆಯಿತು. ಓದೋಕೆ, ಕೆಲಸಕ್ಕೆ ಅಂತ ಊರು ಬಿಟ್ಟು ಬಂದ ನನ್ನಂಥವರಿಗೆ ಮಾತ್ರ ಹಳೇ ಬೋರ್ಡಿನ ಮೇಲೆ 'ಬಳ್ಳಾರಿ ರಸ್ತೆ' ಅನ್ನೋದು ಕಂಡರೆ ಈಗಲೂ ಒಂಥರಾ ಖುಷಿ. ಆ ಖುಷಿ ಇರೋದು ಆ ರಸ್ತೆಯನ್ನ ನಡೆದು ದಾಟಬೇಕಾದ ಸಂದರ್ಭ ಬರೋತನಕ ಅಷ್ಟೇ.

ಕೆಲವು ವರ್ಷಗಳ ಹಿಂದೆ ಬಾದನಹಟ್ಟಿಯಿಂದ ನಮ್ಮ ದೊಡ್ಡವ್ವ ಬೆಂಗಳೂರಿಗೆ ಬಂದಿದ್ದರು, ಮಂಡಿನೋವು ತೋರಿಸೋದಕ್ಕೆ. ಬಸ್ಸಿಳಿದ ಜಾಗದಿಂದ ನಾವು ಹೋಗಬೇಕಿದ್ದದ್ದು ಸರಿಯಾಗಿ ಎದುರುಗಡೆ. ಮಧ್ಯೆ ಎಂಟು ಸಾಲು ವಾಹನ, ಸೊಂಟದ ಎತ್ತರದ ಬೇಲಿ, ಪಕ್ಕದಲ್ಲಿ ಕಬ್ಬಿಣದ ಸ್ಕೈವಾಕ್. ಲಿಫ್ಟ್ ಇತ್ತು, ಅದಕ್ಕೆ ಬೀಗವೂ ಇತ್ತು. ದೊಡ್ಡವ್ವ ಮೆಟ್ಟಿಲನ್ನ ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿ, ಚೀಲ ಕೆಳಗಿಟ್ಟು, ಮೊದಲನೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಯಪ್ಪಾ, ಇದನ್ನ ಹತ್ತಾಕ ಆಗಂಗಿದ್ರ ನಾನ್ಯಾಕ ದವಾಖಾನಿಗಿ ಬರ್ತಿದ್ದೆ?" ಅಂದರು. ಕೊನೆಗೆ ಆಟೋ ಹಿಡಿದು, ಎಲ್ಲೋ ಹೋಗಿ ಯೂ-ಟರ್ನ್ ತಗೊಂಡು, ದುಡ್ಡು ಕೊಟ್ಟು ರಸ್ತೆ ದಾಟಿದೆವು.

ಈ ಕತೆ ಈಗ ಯಾಕೆ ಅಂದರೆ, ಊರಿನ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಚರ್ಚೆ ಎದ್ದಿದೆ. ಭತ್ತದ ಲಾರಿ, ಟ್ರ್ಯಾಕ್ಟರ್, ಟಿಪ್ಪರ್, ಕಾರುಗಳ ಓಡಾಟ ಜಾಸ್ತಿಯಾಗಿದೆ, ಶಾಲೆಗೆ ಹೋಗೋ ಮಕ್ಕಳು, ಬಸ್ಸಿಗೆ ಕಾಯೋ ಹೆಂಗಸರು ರಸ್ತೆ ದಾಟೋದು ಕಷ್ಟ, ನಾಳೆ ರಸ್ತೆ ಅಗಲ ಆದರೆ ಇನ್ನೂ ಕಷ್ಟ, ಹಾಗಾಗಿ ನಮಗೂ ಬೆಂಗಳೂರಿನಂಥ ಒಂದು ಸ್ಕೈವಾಕ್ ಬೇಕು ಅಂತ. ಜಿಲ್ಲಾಧಿಕಾರಿಗೆ ಮನವಿ ಕೊಡಬೇಕು, "ಅಣ್ಣ, ನೀನು ಬರೆಯೋನು, ಬರ್ಕೊಡು" ಅಂದರು. ಬರೆಯೋಕೆ ಕೂತೆ. ಎರಡನೇ ಸಾಲಿಗೇ ದೊಡ್ಡವ್ವ ಮೆಟ್ಟಿಲ ಮೇಲೆ ಬಂದು ಕೂತರು.

ಹುಡುಗರ ಆತಂಕ ಸುಳ್ಳಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಮಂದಿ ಪಾದಚಾರಿಗಳು. 2023ರಲ್ಲಿ ಒಟ್ಟು ಸಾವು 1,72,890ಕ್ಕೆ ಏರಿತು, ಪಾದಚಾರಿಗಳ ಸಾವು 35,221ಕ್ಕೆ. ಭಾಗಿಸಿ ನೋಡಿದರೆ ದಿನಕ್ಕೆ ಸುಮಾರು 96 ಜನ. ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಎರಡು ಬಸ್ಸು ತುಂಬುವಷ್ಟು ಜನ ದಿನಾ ನಡ್ಕೊಂಡು ಹೋಗುವಾಗ ಸಾಯ್ತಿದ್ದಾರೆ. ಎರಡು ಬಸ್ಸು ಒಟ್ಟಿಗೆ ಹೊಳೆಗೆ ಬಿದ್ದರೆ ಮುಖ್ಯಮಂತ್ರಿ ಓಡಿ ಬರ್ತಾರೆ, ಪರಿಹಾರ ಘೋಷಣೆ ಆಗುತ್ತೆ, ಟಿವಿಯವರು ಮೂರು ದಿನ ಅಲ್ಲೇ ಇರ್ತಾರೆ. ಒಬ್ಬೊಬ್ಬರಾಗಿ ಸತ್ತರೆ ಐದನೇ ಪುಟದ ನಾಲ್ಕು ಸಾಲು.

ಹಾಗಾದರೆ ಸೇತುವೆ ಕಟ್ಟಿದರೆ ಆಯ್ತಲ್ಲ? ಇದಕ್ಕೆ ಉತ್ತರ ಹುಡುಕೋಕೆ ಬಳ್ಳಾರಿ ರಸ್ತೆಗೇ ವಾಪಸ್ ಹೋಗಬೇಕು.

2022ರ ಮಾರ್ಚ್‌ನಲ್ಲಿ ಹೆಬ್ಬಾಳದ ಹತ್ತಿರ ಒಬ್ಬ ಶಾಲಾ ಬಾಲಕಿ ರಸ್ತೆ ದಾಟುವಾಗ ಪಾಲಿಕೆಯ ಕಸದ ಲಾರಿ ಗುದ್ದಿ ತೀರಿಕೊಂಡಳು. ಅಲ್ಲಿ ರಸ್ತೆ ದಾಟೋಕೆ ಪಾದಚಾರಿ ಸುರಂಗ ಇತ್ತು. ಅವತ್ತು ಅದರಲ್ಲಿ ಮಳೆನೀರು ನಿಂತಿತ್ತು. ಹಾಗಾಗಿ ಮೇಲಿನ ರಸ್ತೆಯಲ್ಲೇ ದಾಟಬೇಕಾಯಿತು. ಆಮೇಲೆ ಎದ್ದ ಆಕ್ರೋಶ, ಪ್ರತಿಭಟನೆ, 'ಇಲ್ಲಿ ಸ್ಕೈವಾಕ್ ಕಟ್ಟಿ' ಅನ್ನೋ ಬೇಡಿಕೆ ಎಲ್ಲ ನಿಮಗೆ ನೆನಪಿರಬಹುದು.

ನನಗೆ ಈ ಘಟನೆಯಲ್ಲಿ ಕಾಡುವ ವಿಷಯ ಬೇರೆ. ಕಡತದ ಪ್ರಕಾರ ಅಲ್ಲಿ ಪಾದಚಾರಿ ಸೌಲಭ್ಯ 'ಇತ್ತು'. ಕಟ್ಟಿದ ವರ್ಷ, ಖರ್ಚು, ಉದ್ಘಾಟನೆ, ಎಲ್ಲ ಎಲ್ಲೋ ದಾಖಲಾಗಿರುತ್ತೆ. ನಡೆಯುವವರನ್ನ ರಸ್ತೆಯಿಂದ ಕೆಳಗೆ ಇಳಿಸಿ, ರಸ್ತೆಯನ್ನ ಪೂರ್ತಿ ವಾಹನಗಳಿಗೆ ಬಿಟ್ಟುಕೊಟ್ಟಾಗಿತ್ತು. ಕೆಳಗಿನ ದಾರಿ ಮುಚ್ಚಿಹೋದ ದಿನ ಮೇಲಿನ ರಸ್ತೆಯಲ್ಲಿ ಅವಳಿಗೆ ಜಾಗವೇ ಇರಲಿಲ್ಲ. ಚಾಲಕನಿಗೆ 'ಇಲ್ಲಿ ಮಕ್ಕಳು ದಾಟುತ್ತಾರೆ' ಅಂತ ಅನ್ನಿಸಬೇಕಾದ ಯಾವ ಗುರುತೂ ಇರೋದಿಲ್ಲ, ಯಾಕಂದ್ರೆ ಕಾಗದದ ಪ್ರಕಾರ ಅವರು ಅಲ್ಲಿ ದಾಟುವ ಹಾಗೇ ಇಲ್ಲ. ಸುರಂಗವೋ ಮೇಲ್ಸೇತುವೆಯೋ, ಇದರ ಹಿಂದಿರುವ ಒಪ್ಪಂದ ಒಂದೇ: ರಸ್ತೆ ವಾಹನದ್ದು, ನೀನು ಬೇರೆ ದಾರಿ ನೋಡ್ಕೋ. ಆ ಬೇರೆ ದಾರಿಯ ಬಲ್ಬು ಸುಟ್ಟರೆ, ಲಿಫ್ಟ್ ಕೆಟ್ಟರೆ, ಪಂಪ್ ನಿಂತರೆ, ಒಪ್ಪಂದದ ಅರ್ಧ ಮಾತ್ರ ಉಳಿಯುತ್ತೆ. ವಾಹನದ ಅರ್ಧ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಹೈಸ್ಕೂಲ್ ಗಣಿತ ಸಾಕು.

ಪಾದಚಾರಿ ಮೇಲ್ಸೇತುವೆಯ ಕೆಳಗೆ ಲಾರಿ, ಬಸ್ಸು ಸರಾಗವಾಗಿ ಹೋಗಬೇಕು ಅಂದ್ರೆ ಕನಿಷ್ಠ ಐದೂವರೆ ಮೀಟರ್ ಜಾಗ ಬಿಡಬೇಕು. ಸೇತುವೆಯ ದಪ್ಪ ಸೇರಿದರೆ ನಾವು ಹತ್ತಬೇಕಾದದ್ದು ಆರು ಮೀಟರ್, ಅಂದರೆ ಎರಡು ಅಂತಸ್ತಿನ ಮನೆ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದುಕೊಂಡರೆ ಹತ್ತೋಕೆ 40, ಇಳಿಯೋಕೆ 40. ಗಾಲಿಕುರ್ಚಿಗೆ ಇಳಿಜಾರು ಮಾಡ್ತೀವಿ ಅಂತೀರಾ? 12 ಅಡಿ ಉದ್ದಕ್ಕೆ ಒಂದಡಿ ಏರು ಅನ್ನೋದು ನಿಯಮ. ಆರು ಮೀಟರ್ ಏರೋಕೆ 72 ಮೀಟರ್ ಉದ್ದದ ಇಳಿಜಾರು, ಮಧ್ಯೆ ನಿಂತು ಸುಧಾರಿಸಿಕೊಳ್ಳೋ ಜಾಗಗಳು ಬೇರೆ. ಇಳಿಯೋಕೆ ಆ ಕಡೆ ಇನ್ನೊಂದು 72 ಮೀಟರ್. ಹದಿನಾಲ್ಕು ಮೀಟರ್ ಅಗಲದ ರಸ್ತೆ ದಾಟೋಕೆ ಒಬ್ಬ ಅಂಗವಿಕಲ ವ್ಯಕ್ತಿ ನೂರೈವತ್ತು ಮೀಟರಿಗೂ ಹೆಚ್ಚು ಗಾಲಿ ತಳ್ಳಬೇಕು. ಲಿಫ್ಟ್ ಇದ್ದರೆ ಈ ಕಷ್ಟ ಇಲ್ಲ ನಿಜ. ಆದರೆ ನಮ್ಮೂರ ಕಡೆ ಕರೆಂಟಿನ ಭರವಸೆ ಮೇಲೆ ಲಿಫ್ಟ್ ಹತ್ತೋ ಧೈರ್ಯ ಯಾರಿಗಿದೆ?

ನಾಲ್ಕು ಪಥದ ರಸ್ತೆ, ಅಂದರೆ ಹದಿನಾಲ್ಕು ಮೀಟರ್, ನೆಲದ ಮೇಲೇ ದಾಟೋಕೆ ಮಾಮೂಲಿ ನಡಿಗೆಯಲ್ಲಿ 12 ಸೆಕೆಂಡ್ ಸಾಕು. ವಯಸ್ಸಾದವರಿಗೆ 18 ಅನ್ನಿ. ಸೇತುವೆ ಹತ್ತಿ ಇಳಿಯೋಕೆ ನನಗೆ ಒಂದು ನಿಮಿಷಕ್ಕೂ ಮೇಲೆ ಬೇಕು. ದೊಡ್ಡವ್ವನಿಗೆ ನಾಲ್ಕೈದು ನಿಮಿಷ, ಅದೂ ಹತ್ತಿದರೆ. ಬ್ರಿಟನ್ನಿನಲ್ಲಿ 1965ರಲ್ಲೇ ಮೂರ್ ಮತ್ತು ಓಲ್ಡರ್ ಅನ್ನೋ ಇಬ್ಬರು ಸಂಶೋಧಕರು ಇದನ್ನ ಅಳೆದಿದ್ದರು. ಸೇತುವೆಯ ಮೇಲೆ ಹೋಗೋಕೂ ರಸ್ತೆಯಲ್ಲೇ ದಾಟೋಕೂ ಒಂದೇ ಸಮಯ ಹಿಡಿದರೆ ಹೆಚ್ಚಿನವರು ಸೇತುವೆ ಬಳಸ್ತಾರೆ. ಸೇತುವೆಗೆ ಅರ್ಧದಷ್ಟು ಹೆಚ್ಚು ಸಮಯ ಬೇಕಾದರೆ ಹತ್ತಿರಹತ್ತಿರ ಯಾರೂ ಬಳಸೋದಿಲ್ಲ. ಆ ಇಂಗ್ಲೆಂಡಿನವರಿಗೇನು ನಾಗರಿಕ ಪ್ರಜ್ಞೆ ಕಮ್ಮಿಯಿತ್ತಾ? 'ನಮ್ಮ ಜನಕ್ಕೆ ಶಿಸ್ತಿಲ್ಲ, ಸ್ಕೈವಾಕ್ ಇದ್ದರೂ ಬೇಲಿ ಹಾರ್ತಾರೆ' ಅಂತ ಫೇಸ್‌ಬುಕ್‌ನಲ್ಲಿ ಬರೆಯೋರು ಈ ಒಂದು ಅಂಶವನ್ನ ಓದ್ಕೋಬೇಕು. ಮನುಷ್ಯರ ಕಾಲು ಎಲ್ಲ ಕಡೆ ಒಂದೇ ಥರ ಲೆಕ್ಕ ಹಾಕುತ್ತೆ.

ಇನ್ನೊಂದು ಲೆಕ್ಕ, ನನಗೆ ಇದೇ ಮುಖ್ಯ ಅನ್ನಿಸೋದು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಬರುತ್ತೆ. ನೀವು ದಾಟುವ ಹನ್ನೆರಡು ಸೆಕೆಂಡಿನಲ್ಲಿ ಅದು ಸುಮಾರು 265 ಮೀಟರ್ ಓಡಿರುತ್ತೆ. ಅಂದರೆ ಕಾಲು ಕಿಲೋಮೀಟರಿಗಿಂತ ಹೆಚ್ಚು ದೂರ ಎರಡೂ ದಿಕ್ಕಿನಲ್ಲಿ ರಸ್ತೆ ಖಾಲಿ ಇದ್ದಾಗ ಮಾತ್ರ ನೀವು ಹೆಜ್ಜೆ ಇಡಬಹುದು. ಅಷ್ಟು ದೂರದಿಂದ ಬರೋ ಗಾಡಿಯ ವೇಗವನ್ನ ಏಳು ವರ್ಷದ ಮಗು ಅಂದಾಜು ಮಾಡಬೇಕು. ಅದೇ ವೇಗ 40 ಆದರೆ ಬೇಕಾದ ಅಂತರ ಅರ್ಧ. ರಸ್ತೆಯ ನಡುವೆ ಎರಡು ಮೀಟರ್ ಅಗಲದ ಡಿವೈಡರ್ ಕೊಟ್ಟು, ಅಲ್ಲಿ ನಿಂತುಕೊಳ್ಳೋಕೆ ಜಾಗ ಮಾಡಿದರೆ, ಒಮ್ಮೆಗೆ ಒಂದೇ ದಿಕ್ಕು ನೋಡಿದರೆ ಸಾಕು, ಅಂತರ ಇನ್ನೂ ಅರ್ಧ. 265 ಮೀಟರ್ ಇದ್ದದ್ದು 67 ಮೀಟರಿಗೆ ಬಂತು. ಒಂದು ಕಬ್ಬಿಣದ ತೊಲೆಯನ್ನೂ ಎತ್ತಿ ನಿಲ್ಲಿಸದೆ.

ಬ್ರೇಕಿನ ಲೆಕ್ಕವೂ ಇದೇ ದಾರಿ ಹಿಡಿಯುತ್ತೆ. ಚಾಲಕ ಕಂಡು, ಬ್ರೇಕ್ ಒತ್ತೋಕೆ ಎರಡು ಸೆಕೆಂಡ್ ಅಂದುಕೊಳ್ಳಿ. ಒಣ ರಸ್ತೆಯಲ್ಲಿ, ಒಳ್ಳೇ ಟೈರಿನ ಕಾರು 80ರ ವೇಗದಲ್ಲಿದ್ದರೆ ನಿಲ್ಲೋಕೆ ಸುಮಾರು 80 ಮೀಟರ್ ಬೇಕು, 40ರಲ್ಲಿದ್ದರೆ ಮೂವತ್ತು ಚಿಲ್ಲರೆ. ಭತ್ತ ತುಂಬಿದ ಲಾರಿ, ಎರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್ ವಿಷಯ ನಾನು ಹೇಳಬೇಕಿಲ್ಲ. ವಾಹನಗಳ ಸರಾಸರಿ ವೇಗ ಶೇಕಡ 1ರಷ್ಟು ಹೆಚ್ಚಾದರೆ ಸಾವು ತರೋ ಅಪಘಾತದ ಸಾಧ್ಯತೆ ಶೇಕಡ 4ರಷ್ಟು ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಾ ಬಂದಿದೆ. ಕೊಲ್ಲೋದು ವೇಗ. ಸ್ಕೈವಾಕ್ ಮುಟ್ಟದೇ ಬಿಡೋದು ಅದೊಂದನ್ನೇ. ಮುಟ್ಟದೇ ಬಿಡೋದಷ್ಟೇ ಅಲ್ಲ, 'ಪಾದಚಾರಿಗಳಿಗೆ ಮೇಲೆ ವ್ಯವಸ್ಥೆ ಆಗಿದೆಯಲ್ಲ' ಅಂತ ಕೆಳಗೆ ಸಿಗ್ನಲ್ ತೆಗೀತಾರೆ, ಹಂಪ್ ತೆಗೀತಾರೆ, ಬೇಲಿ ಹಾಕ್ತಾರೆ. ವೇಗ ಏರುತ್ತೆ.

ಇದು ಎಂಜಿನಿಯರುಗಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಪಾದಚಾರಿ ಸೌಲಭ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರತಂದ ಐಆರ್‌ಸಿ 103 ಮಾರ್ಗಸೂಚಿ ನೆಲಮಟ್ಟದ ದಾಟುವಿಕೆಗೇ ಆದ್ಯತೆ ಕೊಡುತ್ತೆ. ಜನರನ್ನ ಮುಂದೆ ಸಾಗಿಸೋದು ಗುರಿಯಾಗಬೇಕು, ವಾಹನಗಳನ್ನಲ್ಲ ಅಂತ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿ ಎಷ್ಟು ವರ್ಷ ಆಯ್ತು ನೋಡಿ. ಪುಸ್ತಕದಲ್ಲಿ ಎಲ್ಲ ಇದೆ.

ಮತ್ಯಾಕೆ ಸ್ಕೈವಾಕ್‌ಗಳೇ ಎದ್ದು ನಿಲ್ಲುತ್ತವೆ? ಇಲ್ಲಿ ರಾಜಕೀಯ ಶುರುವಾಗುತ್ತೆ.

ಮೊದಲನೆಯದು ದುಡ್ಡಿನ ದಾರಿ. ಬೆಂಗಳೂರಿನ ಎಷ್ಟೋ ಸ್ಕೈವಾಕ್‌ಗಳು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಬಂದವು. ಕಂಪನಿ ತನ್ನ ದುಡ್ಡಲ್ಲಿ ಕಟ್ಟುತ್ತೆ, ನೋಡಿಕೊಳ್ಳುತ್ತೆ, ಬದಲಿಗೆ ಇಷ್ಟು ವರ್ಷ ಅದರ ಮೇಲೆ ಜಾಹೀರಾತು ಹಾಕೋ ಹಕ್ಕು ಪಡೆಯುತ್ತೆ. ಪಾಲಿಕೆಗೆ ಖರ್ಚಿಲ್ಲ, ಕೇಳೋಕೆ ಚೆಂದ. ಆದರೆ ಈ ವ್ಯವಹಾರದಲ್ಲಿ ಗಿರಾಕಿ ಯಾರು? ಮೇಲೆ ನಡೆಯೋರಲ್ಲ, ಕೆಳಗೆ ಕಾರಿನಲ್ಲಿ ಕೂತು ತಲೆ ಎತ್ತಿ ನೋಡೋರು. ಹಾಗಾಗಿ ಸೇತುವೆಗೆ ಬೆಲೆ ಬರೋದು ಎಲ್ಲಿ ಜನ ಹೆಚ್ಚು ದಾಟ್ತಾರೋ ಅಲ್ಲಿ ಅಲ್ಲ, ಎಲ್ಲಿ ಬೋರ್ಡು ಹೆಚ್ಚು ಕಾಣುತ್ತೋ ಅಲ್ಲಿ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿ ನಗರದ ಫ್ಲೆಕ್ಸು, ಹೋರ್ಡಿಂಗುಗಳನ್ನ ತೆಗೆಸಿದಾಗ ಈ ಲೆಕ್ಕಾಚಾರ ಎಷ್ಟು ಬಿಗಿಯಾಗಿ ಜಾಹೀರಾತಿಗೆ ಕಟ್ಟಿಕೊಂಡಿದೆ ಅನ್ನೋದು ಬಯಲಾಯಿತು. ಬಾದನಹಟ್ಟಿಯಂಥ ಊರಲ್ಲಿ ಯಾವ ಕಂಪನಿ ಬಂದು ಜಾಹೀರಾತಿನ ಆಸೆಗೆ ಸೇತುವೆ ಕಟ್ಟುತ್ತೆ ಅನ್ನೋದನ್ನ ನಮ್ಮ ಹುಡುಗರು ಯೋಚಿಸಬೇಕು. ಕಟ್ಟಿದರೂ ಗೊಬ್ಬರ, ಬಿತ್ತನೆ ಬೀಜದ ಬೋರ್ಡು ಎಷ್ಟು ದಿನ ಲಿಫ್ಟಿನ ಖರ್ಚು ಹೊರುತ್ತೆ?

ಎರಡನೆಯದು ಕಾಣುವ ಕೆಲಸದ ಮೋಹ. ಜೀಬ್ರಾ ಪಟ್ಟಿ ಬಳಿದರೆ ಯಾರೂ ಟೇಪು ಕತ್ತರಿಸೋಕೆ ಬರೋದಿಲ್ಲ. ಸೇತುವೆಗೆ ಶಂಕುಸ್ಥಾಪನೆ ಒಂದು ಸಲ, ಉದ್ಘಾಟನೆ ಇನ್ನೊಂದು ಸಲ. ಟೆಂಡರ್ ಗಾತ್ರವೂ ದೊಡ್ಡದು. ಇದನ್ನ ಹೆಚ್ಚು ವಿವರಿಸಬೇಕಿಲ್ಲ, ಬಳ್ಳಾರಿಯವರಿಗಂತೂ ಬೇಡವೇ ಬೇಡ.

ಮೂರನೆಯದು, ಆಳದಲ್ಲಿರೋದು, ರಸ್ತೆ ಯಾರದ್ದು ಅನ್ನೋ ಪ್ರಶ್ನೆ. ಇದಕ್ಕೂ ಬಳ್ಳಾರಿ ರಸ್ತೆಯೇ ಪಾಠ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟೋಕೆ ಸರ್ಕಾರ ಹೊರಟಿತು, ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಎಂಟುನೂರಕ್ಕೂ ಹೆಚ್ಚು ಮರಗಳಿಗೆ ಕೊಡಲಿ. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಅದೇ ರಸ್ತೆಯ ಪಕ್ಕ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ನಮ್ಮ ಪೀಳಿಗೆಗೆ ಅದೊಂದು ದೊಡ್ಡ ಗೆಲುವು, ಈಗಲೂ ಹೆಮ್ಮೆಯಿದೆ. ಆದರೆ ಒಂದು ಮಾತು ಹೇಳಲೇಬೇಕು. ಅವತ್ತು ಮರದ ಪರವಾಗಿ ನಿಂತ ಅಷ್ಟು ಜನ, ಅದೇ ರಸ್ತೆಯಲ್ಲಿ ದಿನಾ ಬೇಲಿ ದಾಟುವ ಪೌರಕಾರ್ಮಿಕರು, ಮನೆಗೆಲಸದವರು, ಕಟ್ಟಡ ಕೂಲಿಗಳ ಪರವಾಗಿ ಒಂದು ಭಾನುವಾರವೂ ನಿಂತಿದ್ದು ನನಗೆ ನೆನಪಿಲ್ಲ. ನಾನೂ ನಿಂತಿಲ್ಲ. ಆಮೇಲೆ ಬಂತು ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್, ಸುಮಾರು 17 ಸಾವಿರ ಕೋಟಿ ರೂಪಾಯಿ. ಕಾರನ್ನ ನೆಲದಡಿ ಕಳಿಸೋಕೆ ಕಿಲೋಮೀಟರಿಗೆ ಸಾವಿರ ಕೋಟಿ. ಅದೇ ಹೆಬ್ಬಾಳದಲ್ಲಿ ಒಂದು ಮಗು ದಾಟಬೇಕಿದ್ದ ಸುರಂಗದಿಂದ ನೀರು ಹೊರಹಾಕೋಕೆ ಎಷ್ಟು ಬೇಕಿತ್ತು?

ಹಾಗಂತ ಸ್ಕೈವಾಕ್ ಎಲ್ಲೂ ಬೇಡ ಅಂತ ನಾನು ಹೇಳ್ತಿಲ್ಲ. ಇಲ್ಲಿ ನನ್ನ ಕೆಲವು ಗೆಳೆಯರ ಜೊತೆ ನನಗೆ ಜಗಳ ಇದೆ. ಎಲ್ಲ ಕಡೆ ನೆಲಮಟ್ಟದಲ್ಲೇ ದಾಟಬೇಕು ಅನ್ನೋದು ಒಂದು ಥರದ ಮಡಿ. ಬೆಂಗಳೂರು-ಮೈಸೂರು ಹೆದ್ದಾರಿ ನೋಡಿ. 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. 2023ರ ಮಾರ್ಚ್ 12ರಂದು, ಚುನಾವಣೆಗೆ ಎರಡು ತಿಂಗಳಿರುವಾಗ, ಪ್ರಧಾನಿ ಮಂಡ್ಯ ಜಿಲ್ಲೆಗೆ ಬಂದು ಉದ್ಘಾಟಿಸಿದರು. ರಾಮನಗರ, ಮಂಡ್ಯ ಜಿಲ್ಲೆಗಳಲ್ಲಿ ಊರಿಗೂ ಹೊಲಕ್ಕೂ ಮಧ್ಯೆ, ಮನೆಗೂ ಶಾಲೆಗೂ ಮಧ್ಯೆ ಬೇಲಿ ಬಂತು. ತಲೆತಲಾಂತರದಿಂದ ದಾಟುತ್ತಿದ್ದ ದಾರಿಯನ್ನ ಜನ ಒಂದು ಉದ್ಘಾಟನೆಗೆ ಬಿಟ್ಟುಬಿಡ್ತಾರಾ? ಬೇಲಿ ಕತ್ತರಿಸಿ ದಾಟಿದರು. ಸಾವುಗಳಾದವು. ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನ ನಿಷೇಧಿಸಿದರು. ಪಾದಚಾರಿ ಮೇಲ್ಸೇತುವೆಗಳು ಬೇಕು ಅನ್ನೋ ಜ್ಞಾನೋದಯ ಹೆದ್ದಾರಿ ಪ್ರಾಧಿಕಾರಕ್ಕೆ ಆದದ್ದು ರಸ್ತೆ ಓಡೋಕೆ ಶುರುವಾದ ಮೇಲೆ.

ಅಂಥಾ ರಸ್ತೆಯಲ್ಲಿ, ನೂರರ ವೇಗದಲ್ಲಿ ಆರು ಪಥ ಓಡುವಲ್ಲಿ, ಜೀಬ್ರಾ ಪಟ್ಟಿ ಬಳಿಯೋದು ಕೊಲೆ ಮಾಡಿದ ಹಾಗೆ. ಅಲ್ಲಿ ಸೇತುವೆಯೋ ಅಂಡರ್‌ಪಾಸೋ ಬೇಕೇ ಬೇಕು. ನನ್ನನ್ನ ಕೇಳಿದರೆ ಅಂಡರ್‌ಪಾಸ್ ಮೇಲು, ದನಕರು, ಎತ್ತಿನಗಾಡಿ, ಸೈಕಲ್ ಎಲ್ಲ ಹೋಗ್ತವೆ, ಆರು ಮೀಟರ್ ಹತ್ತಬೇಕಿಲ್ಲ. ನೀರು ನಿಲ್ಲದ ಹಾಗೆ ಕಟ್ಟಿದರೆ. ಆ 'ರೆ' ಎಷ್ಟು ದೊಡ್ಡದು ಅನ್ನೋದು ಹೆಬ್ಬಾಳದಲ್ಲಿ ನೋಡಿದ್ದೇವೆ. ಅದು ಮೊದಲ ನಕ್ಷೆಯಲ್ಲೇ, ಮೊದಲ ಅಂದಾಜುಪಟ್ಟಿಯಲ್ಲೇ ಇರಬೇಕಿತ್ತು ಅನ್ನೋದು ನನ್ನ ತಕರಾರು. ಸಾವಿನ ನಂತರ ಬರೋ ಸೇತುವೆ ಸೌಲಭ್ಯ ಅಲ್ಲ, ತಡವಾದ ತಪ್ಪೊಪ್ಪಿಗೆ.

ಕಟ್ಟಿದ ಮೇಲೆ ನೋಡಿಕೊಳ್ಳೋರು ಯಾರು ಅನ್ನೋದೂ ಇದೆ. ಮುಂಬೈನ ಸಿಎಸ್‌ಎಂಟಿ ನಿಲ್ದಾಣದ ಹತ್ತಿರ 2019ರ ಮಾರ್ಚ್ 14ರ ಸಂಜೆ, ಜನ ಮನೆಗೆ ಹೋಗೋ ಹೊತ್ತಲ್ಲಿ, ಪಾದಚಾರಿ ಸೇತುವೆಯ ನೆಲ ಕುಸಿದು ಕೆಳಗಿನ ರಸ್ತೆಗೆ ಬಿತ್ತು. ಜನ ಸತ್ತರು. ಅದರ ಹಿಂದೆ, 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಇಕ್ಕಟ್ಟಾದ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಮಂದಿ ಹೋದರು. ಮಳೆ ಬಂತು, ಜನ ಮೆಟ್ಟಿಲಲ್ಲೇ ನಿಂತರು, ಅಷ್ಟೇ ಕಾರಣ ಸಾಕಾಯಿತು.

ಕಾನೂನು ಈಗ ನಮ್ಮ ಕಡೆ ಸ್ವಲ್ಪ ವಾಲಿದೆ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ರಸ್ತೆ ಸುರಕ್ಷತೆ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಮುರಿದ ಮೂಳೆ ಜೋಡಿಸಿ ಜೋಡಿಸಿ ಸಾಕಾಗಿ ಹೋಗಿರಬೇಕು. ಅದೇ ಪ್ರಕರಣದಲ್ಲಿ 2025ರ ಮೇ 14ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಫುಟ್‌ಪಾತ್ ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಅಂತ ಹೇಳಿತು. ಅಂದರೆ ಬದುಕುವ ಹಕ್ಕು. ಫುಟ್‌ಪಾತ್‌ಗಳು ಅಂಗವಿಕಲರೂ ಬಳಸುವಂತಿರಬೇಕು ಅಂತಲೂ ಹೇಳಿತು. ಅಕ್ಟೋಬರ್ 7ರಂದು ಇನ್ನೊಂದು ಪೀಠ, ಪಾದಚಾರಿಗಳ ಸುರಕ್ಷತೆಗೆ ಮತ್ತು ರಾಷ್ಟ್ರೀಯ ಹೆದ್ದಾರಿಯಲ್ಲದ ರಸ್ತೆಗಳ ವಿನ್ಯಾಸಕ್ಕೆ ನಿಯಮ ಮಾಡಿ ಅಂತ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು. ಇನ್ನು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಸೆಕ್ಷನ್ ಪ್ರಕಾರ, ಸುರಕ್ಷತಾ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಆದರೆ ಅದರ ಹೊಣೆ ಹೊತ್ತ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಒಂದು ಜೀವಕ್ಕೆ ಒಂದು ಲಕ್ಷ! ಆದರೂ ಹೆಸರು ಹಿಡಿದು ಕೇಳೋಕೆ ಒಂದು ಸೆಕ್ಷನ್ ಆದರೂ ಇದೆ.

ಈಗ ಊರಿನ ಮನವಿಗೆ ಬರೋಣ. ನಮ್ಮ ಕಡೆ ರಸ್ತೆ ಅನ್ನೋದು ಬರೀ ಓಡಾಡೋ ಜಾಗ ಅಲ್ಲ. ಸುಗ್ಗಿಯಲ್ಲಿ ಅದೇ ಕಣ. ಬಸ್ಸು ಬರೋತನಕ ಅದೇ ಕಟ್ಟೆ. ಕುರಿ ಹಿಂಡು ಅದರ ಮೇಲೇ ಹೋಗುತ್ತೆ, ಕುರಿಗೆ ಸ್ಕೈವಾಕ್ ಹತ್ತು ಅಂತ ಹೇಳೋರು ಯಾರು? 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಕುರುಗೋಡಿಗೆ, ಬಳ್ಳಾರಿಗೆ, ಸಿರುಗುಪ್ಪಕ್ಕೆ ಬಸ್ಸಲ್ಲಿ ಹೋಗೋ ಹೆಂಗಸರು ಹೆಚ್ಚಾಗಿದ್ದಾರೆ. ಸಂತೆಗೆ, ಕಾಲೇಜಿಗೆ, ಕೂಲಿಗೆ, ತವರಿಗೆ. ಬಸ್ಸಲ್ಲಿ ಹೋಗಿ ಬಸ್ಸಲ್ಲೇ ವಾಪಸ್ ಬರೋ ಪ್ರತಿಯೊಬ್ಬಳೂ ದಿನಕ್ಕೆ ಒಂದು ಸಲವಾದರೂ ರಸ್ತೆ ದಾಟಲೇಬೇಕು, ಹೋಗುವಾಗ ಈ ಕಡೆ ಹತ್ತಿದರೆ ಬರುವಾಗ ಆ ಕಡೆ ಇಳೀಬೇಕಲ್ಲ. ಟಿಕೆಟ್ ಉಚಿತ ಆಯಿತು, ರಸ್ತೆ ದಾಟೋ ಬೆಲೆ ಹಾಗೇ ಉಳೀತು. ಸ್ತ್ರೀಶಕ್ತಿ, ಸಬಲೀಕರಣ ಅಂತೆಲ್ಲ ಬರೆಯೋ ನಾವು ಬಸ್ ನಿಲ್ದಾಣದ ಎದುರಿನ ಆ ಹದಿನಾಲ್ಕು ಮೀಟರ್ ಬಗ್ಗೆ ಬರೆಯೋದಿಲ್ಲ.

ಹಾಗಾಗಿ ನಾನು ಬರೆದ ಕರಡು ಹೀಗಿದೆ. ಊರಿನ ವ್ಯಾಪ್ತಿ ಶುರುವಾಗೋ ಜಾಗದಿಂದ ಮುಗಿಯೋವರೆಗೆ ವೇಗದ ಮಿತಿ ಹಾಕಿ, ಬರೀ ಬೋರ್ಡಲ್ಲ, ಗಾಡಿ ತಾನಾಗೇ ನಿಧಾನ ಆಗೋ ಹಾಗೆ ರಸ್ತೆಯನ್ನೇ ಮಾಡಿ. ಶಾಲೆ ಮತ್ತು ಬಸ್ ನಿಲ್ದಾಣದ ಎದುರು ಜೀಬ್ರಾ ಪಟ್ಟಿಯನ್ನ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿ ಕೊಡಿ, ಅದು ಹಂಪೂ ಹೌದು ದಾಟೋ ಜಾಗವೂ ಹೌದು. ರಾತ್ರಿ ಆ ಜಾಗ ಬೆಳಕಾಗಿರಲಿ. ಮುಂದೆ ರಸ್ತೆ ಅಗಲ ಮಾಡಿದರೆ ನಡುವೆ ನಿಂತುಕೊಳ್ಳೋಕೆ ಜಾಗ ಬಿಡಿ, ನಕ್ಷೆಯನ್ನ ಗ್ರಾಮಸಭೆಯಲ್ಲಿ ತೋರಿಸಿ, ಟೆಂಡರ್ ಕರೆಯೋ ಮೊದಲು. ಊರ ಹೊರಗೆ ಬೈಪಾಸ್ ಬಂದು ವೇಗದ ರಸ್ತೆ ಆದರೆ ಹೊಲದ ದಾರಿಗಳಿಗೆ ಅಂಡರ್‌ಪಾಸ್ ಕೊಡಿ. ಪ್ರತಿ ಒಂದಕ್ಕೂ ಯಾವ ಇಲಾಖೆ, ಯಾವ ಅಧಿಕಾರಿ ಹೊಣೆ ಅನ್ನೋದನ್ನ ಲಿಖಿತವಾಗಿ ತಿಳಿಸಿ. ಪ್ರತಿ: ಲೋಕೋಪಯೋಗಿ ಇಲಾಖೆ, ಗ್ರಾಮ ಪಂಚಾಯಿತಿ, ಮತ್ತು ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರೋ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಈ ಸಮಿತಿ ಇರೋದೇ ಇದಕ್ಕೆ. ಅದರ ಸಭೆಯ ನಡಾವಳಿಯನ್ನ ಮಾಹಿತಿ ಹಕ್ಕಿನಲ್ಲಿ ಕೇಳಬಹುದು ಅಂತ ಹುಡುಗರಿಗೆ ಹೇಳಿದ್ದೇನೆ.

ಗ್ರೂಪಿಗೆ ಹಾಕಿದೆ. ಹತ್ತು ನಿಮಿಷ ಮೌನ. ಆಮೇಲೆ ಒಬ್ಬ, "ಅಣ್ಣ, ಇದ್ರಾಗ ಸ್ಕೈವಾಕ್ ಎಲ್ಲೈತಿ?" ಅಂದ. ಇನ್ನೊಬ್ಬ, "ಬರೀ ಹಂಪ್ ಕೇಳಾಕ ಡೀಸಿ ಆಫೀಸಿನ ತನಕ ಯಾಕ ಹೋಗ್ಬೇಕು, ದೊಡ್ಡದೇನರ ಕೇಳಿದ್ರ ಸಣ್ಣದಾದ್ರೂ ಕೊಡ್ತಾರ" ಅಂದ. ಅವನ ಮಾತಲ್ಲಿ ನನಗಿಂತ ಹೆಚ್ಚು ರಾಜಕೀಯ ತಿಳಿವಳಿಕೆ ಇದೆ ಅಂತ ಒಪ್ಪಿಕೊಳ್ತೀನಿ. ನಾಲ್ಕು ದಿನ ಜಗಳ ಆಡಿದ ಮೇಲೆ ಒಂದು ರಾಜಿ ಆಗಿದೆ: ಸ್ಕೈವಾಕ್ ಅನ್ನೋ ಪದ ಮನವಿಯ ಕೊನೆಯ ಸಾಲಿನಲ್ಲಿ ಇರುತ್ತೆ, 'ಮೇಲಿನ ಎಲ್ಲವೂ ಆದ ನಂತರವೂ ಅಗತ್ಯ ಕಂಡುಬಂದಲ್ಲಿ' ಅನ್ನೋ ಷರತ್ತಿನ ಜೊತೆ.

ಸಹಿ ಸಂಗ್ರಹ ಶುರುವಾಗಿದೆ. ದೊಡ್ಡವ್ವನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಎಲ್ಲ ಕೇಳಿ, "ಕೊನೀ ಸಾಲು ಇನ್ನೊಂದ್ಸಲ ಓದು" ಅಂದರು. ಓದಿದೆ. "ಲಿಫ್ಟಿನ ಕೀಲಿ ಯಾರ ಕೈಯಾಗ ಇರ್ತೈತಿ ಅಂತ ಬರ್ದಿಯೇನು?" ಅಂತ ಕೇಳಿದರು. ಬರೆದಿರಲಿಲ್ಲ. ಈಗ ಸೇರಿಸಿದ್ದೇನೆ.